ಅವ್ವನ ಕರವತಿ ದಡಿ

ಅವ್ವನ ಟ್ರಂಕು ತೆರೆದರೆ ಮೊದಲು ಮೂಗಿಗೆ ಬರುವುದು ಒಣಗಿದ ಬೇವಿನೆಲೆಯ ವಾಸನೆ. ಅದರ ಬೆನ್ನಿಗೇ ಇನ್ನೊಂದು ವಾಸನೆ ಬರುತ್ತದೆ. ಬಿಸಿಲಿಗೆ ಬೆಂದ ಕಾಡಿನ ತರಗೆಲೆಯಂಥದು, ತುಸು ಒಗರು, ತುಸು ಜೇನು. ಅದು ಟಸರ್ ರೇಷ್ಮೆಯದು. ನಾಲ್ಕು ಇಳಕಲ್ ಸೀರೆಗಳ ಕೆಳಗೆ, ಹಳೆಯ ಧೋತರದ ತುಂಡಿನಲ್ಲಿ ಸುತ್ತಿಟ್ಟ ಒಂದೇ ಒಂದು ನಾಗಪುರದ ಸೀರೆ.

ಅದರ ಒಡಲು ಜೇನಿನ ಬಣ್ಣದ್ದು. ಯಾರೂ ಹಾಕಿದ ಬಣ್ಣವಲ್ಲ, ಹುಳ ಕೊಟ್ಟದ್ದು. ಎರಡೂ ಕಡೆ ದಾಳಿಂಬೆ ಕೆಂಪಿನ ದಡಿ. ಆ ದಡಿ ಗೆರೆ ಎಳೆದಂತೆ ನೆಟ್ಟಗೆ ನಿಲ್ಲುವುದಿಲ್ಲ. ಸಾಲುಸಾಲು ಮೊನೆಗಳಾಗಿ ಒಡಲಿನೊಳಕ್ಕೆ ಹೊಕ್ಕಿರುತ್ತದೆ, ಗರಗಸದ ಹಲ್ಲಿನ ಹಾಗೆ. ಮರಾಠಿಯಲ್ಲಿ ಗರಗಸಕ್ಕೆ ಕರವತ ಎನ್ನುತ್ತಾರೆ, ಅಂಚಿಗೆ ಕಾಠ. ಹೀಗಾಗಿ ಇದು ಕರವತ ಕಾಠಿ ಸೀರೆ, ಬಾಯಿಮಾತಿನಲ್ಲಿ ಕರವತಿ. ಕೆಲವರು ಆ ಮೊನೆಗಳನ್ನು ಗುಡಿಯ ಗೋಪುರ ಎಂದು ಕರೆಯುವುದುಂಟು. ಅವ್ವ ಮಾತ್ರ ಕೊನೆಯವರೆಗೂ ಹಲ್ಲು ಎಂದೇ ಕರೆದಳು. "ಇದರ ಹಲ್ಲ ನೋಡು, ಎಷ್ಟ ಚೊಲೊ ಕೂತಾವು" ಎನ್ನುತ್ತಿದ್ದಳು, ಮಗುವಿನ ಬಾಯಿ ನೋಡಿ ಹೇಳಿದ ಹಾಗೆ.

ಈಗ ಆ ಸೀರೆ ಮಡಿಕೆಯ ಗೆರೆಯಲ್ಲಿ ಬಿರಿಯುತ್ತಿದೆ. ದಡಿ ಗಟ್ಟಿಯಾಗಿದೆ, ಒಡಲು ಸೋಲುತ್ತಿದೆ. ಅದನ್ನು ನೋಡುತ್ತ ಕುಳಿತಾಗ ನನಗೆ ಅವ್ವನ ನೆನಪು ಮಾತ್ರ ಬರುವುದಿಲ್ಲ. ಒಂದು ಊರಿಗೆ ಊರೇ ಉಡುತ್ತಿದ್ದ ರೀತಿ ನೆನಪಾಗುತ್ತದೆ.

ಅಪ್ಪ ರೈಲ್ವೆಯ ಕೆಲಸ ಹಿಡಿದು ನಾಗಪುರಕ್ಕೆ ಬಂದವರು. ಅವ್ವ ಮದುವೆಯಾಗಿ ಇಳಕಲ್ ಸೀಮೆಯ ಹಳ್ಳಿಯಿಂದ ಅಜನಿಯ ರೈಲ್ವೆ ಕಾಲೊನಿಗೆ ಬಂದು ಇಳಿದದ್ದು 1967ರಲ್ಲಿ. ಅವಳಿಗೆ ಮರಾಠಿ ಬರುತ್ತಿರಲಿಲ್ಲ, ಹಿಂದಿಯಂತೂ ದೂರ. ಕಾಲೊನಿಯ ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ಮೊದಲ ವಾರವೇ ಒಬ್ಬ ಹೆಂಗಸು ಅವಳ ಹತ್ತಿರ ಬಂದಳಂತೆ. ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. ಅವ್ವ ಉಟ್ಟಿದ್ದ ಇಳಕಲ್ ಸೀರೆಯ ಸೆರಗನ್ನು ಎರಡು ಬೆರಳಲ್ಲಿ ಹಿಡಿದು, ಮಗುಚಿ, ಅದರ ಹಿಂಬದಿಯನ್ನು ನೋಡಿದಳಂತೆ. ಸೆರಗು ಒಡಲಿಗೆ ಸೇರುವ ಜಾಗದಲ್ಲಿ ಒಂದೊಂದು ಎಳೆಗೂ ಒಂದೊಂದು ಕೊಂಡಿ ಹಾಕಿ ಕೂಡಿಸಿರುತ್ತಾರಲ್ಲ, ಅಲ್ಲಿ ಬೆರಳು ನಿಲ್ಲಿಸಿ ತಲೆದೂಗಿದಳಂತೆ. ಆಮೇಲೆ ತನ್ನ ಸೀರೆಯ ದಡಿಯನ್ನು ಮಗುಚಿ ಅವ್ವನ ಮುಂದೆ ಹಿಡಿದಳು. ಅದು ಕರವತಿ. ಅವರಿಬ್ಬರ ಗೆಳೆತನ ನಲವತ್ತು ವರ್ಷ ನಡೆಯಿತು.

ಬಟ್ಟೆಯನ್ನು ಮಗುಚಿ ನೋಡುವ ಈ ಗುಣ ಆಗಿನ ಹೆಂಗಸರಿಗೆಲ್ಲ ಇತ್ತು. ಮೇಲ್ಮೈ ಯಾರಾದರೂ ಮೆಚ್ಚುವ ಹಾಗೆ ಇರಬಹುದು, ನೇಯ್ದವನ ಕೈ ತಿಳಿಯುವುದು ಹಿಂಬದಿಯಲ್ಲೇ ಎಂಬುದು ಅವರಿಗೆ ಗೊತ್ತಿತ್ತು. ಶಾಲೆಗೆ ಹೋಗದ ನನ್ನ ಅವ್ವನಿಗೂ ಗೊತ್ತಿತ್ತು.

ನನಗೆ ಒಂಬತ್ತು ವರ್ಷ. ಸೋದರಮಾವನ ಮದುವೆಗೆ ಊರಿಗೆ ಹೋಗಬೇಕಿತ್ತು. ಅವ್ವನಿಗೆ ಹೊಸ ಸೀರೆ ಬೇಕಾಗಿತ್ತು. ನಲ್ಲಿಯ ಗೆಳತಿ ನಮ್ಮನ್ನು ಸೈಕಲ್ ರಿಕ್ಷಾದಲ್ಲಿ ಗೋಳಿಬಾರ್ ಚೌಕದ ಹಿಂದಿನ ಓಣಿಗೆ ಕರೆದುಕೊಂಡು ಹೋದಳು. ಅದು ನೇಯ್ಗೆಯ ಹಲಬಾ ಕೋಷ್ಟಿಗಳ ಕೇರಿ. ಅಲ್ಲಿಂದ ಪಾಚಪಾವಲಿಯವರೆಗೂ ಮನೆ ಮನೆಯಲ್ಲಿ ಮಗ್ಗ. ರಿಕ್ಷಾ ತಿರುವಿಗೆ ಬರುವ ಮುಂಚೆಯೇ ಸದ್ದು ಕೇಳಿಸಿತು. ಖಟ್ ಎಂದು ಹಲಿಗೆ ಬಡಿಯುವುದು, ಸರ್ ಎಂದು ಲಾಳಿ ಓಡುವುದು. ಒಂದು ಮನೆಯದು ನಿಧಾನ, ಇನ್ನೊಂದರದು ಅವಸರ, ಎಲ್ಲವೂ ಸೇರಿ ಮಳೆ ಹಿಡಿದ ಹಾಗೆ.

ಆ ಮನೆಯ ಪಡಸಾಲೆಯಲ್ಲಿ ನೆಲಕ್ಕೆ ಕುಣಿ ತೋಡಿ ಮಗ್ಗ ಹೂಡಿದ್ದರು. ನೇಕಾರ ಅಜ್ಜ ನೆಲದಂಚಿಗೆ ಕುಳಿತು ಕಾಲುಗಳನ್ನು ಕುಣಿಯೊಳಗೆ ಇಳಿಬಿಟ್ಟಿದ್ದ. ಅವನ ಪಕ್ಕದಲ್ಲಿ ನನ್ನದೇ ವಯಸ್ಸಿನ ಹುಡುಗ, ಮೊಮ್ಮಗ. ಕರವತಿ ನೇಯಲು ಒಂದು ಲಾಳಿ ಸಾಲದು, ಮೂರು ಬೇಕು. ನಡುವಿನ ಒಡಲಿಗೆ ಟಸರ್ ನೂಲಿನದು ಒಂದು, ಎರಡು ದಡಿಗಳಿಗೆ ಬಣ್ಣದ ನೂಲಿನವು ಎರಡು. ಅಜ್ಜ ಒಡಲಿನ ಲಾಳಿ ಬಿಡುತ್ತಾನೆ. ಅದು ದಡಿಯ ಹತ್ತಿರ ಬಂದಾಗ ದಡಿಯ ಲಾಳಿ ಎದುರು ಬರುತ್ತದೆ. ಜೇನು ಬಣ್ಣದ ಎಳೆ ಕೆಂಪು ಎಳೆಗೆ ಕೊಕ್ಕೆ ಹಾಕಿ ಹಿಂದಕ್ಕೆ ತಿರುಗುತ್ತದೆ, ಕೆಂಪು ಎಳೆ ತನ್ನ ದಾರಿಗೆ ತಾನು ತಿರುಗುತ್ತದೆ. ಈ ಸಾಲಿನಲ್ಲಿ ಕೆಂಪು ನಾಲ್ಕು ಎಳೆ ಮುಂದೆ ಹೋದರೆ ಮುಂದಿನ ಸಾಲಿನಲ್ಲಿ ಇನ್ನೂ ನಾಲ್ಕು ಎಳೆ ಮುಂದೆ. ತುದಿ ಮುಟ್ಟಿದ ಮೇಲೆ ಹಾಗೆಯೇ ಹೆಜ್ಜೆ ಹೆಜ್ಜೆಯಾಗಿ ಹಿಂದೆ. ಹೀಗೆ ಒಂದು ಹಲ್ಲು ಮೂಡುತ್ತದೆ. ಹುಡುಗನ ಕೆಲಸ ಆಚೆ ಬದಿಯ ದಡಿಯ ಲಾಳಿಯನ್ನು ಹಿಡಿದು ಹೊತ್ತಿಗೆ ಸರಿಯಾಗಿ ಕೊಡುವುದು. ಅವನು ಒಂದು ಸಲ ನನ್ನ ಕಡೆ ನೋಡಿದ. ಅಜ್ಜ ಏನೂ ಹೇಳಲಿಲ್ಲ, ಹಲಿಗೆ ಬಡಿಯುವುದನ್ನು ನಿಲ್ಲಿಸಿದ, ಅಷ್ಟೇ. ಹುಡುಗನ ಕಣ್ಣು ತಟ್ಟನೆ ನೂಲಿಗೆ ಮರಳಿತು.

ನಾನು ಅಲ್ಲಿ ನಿಂತಷ್ಟು ಹೊತ್ತೂ ಬೆಳೆದದ್ದು ಒಂದು ಬೆರಳಗಲ ಬಟ್ಟೆ.

ಅವ್ವ ಅಂಗಡಿಯಲ್ಲಿ ಆರಿಸುವ ಹಾಗೆ ಆರಿಸಲಿಲ್ಲ. ಚೀಲದಿಂದ ತನ್ನ ಇಳಕಲ್ ಸೀರೆಯನ್ನು ತೆಗೆದು ನೆಲದ ಮೇಲೆ ಹಾಸಿದಳು. ಅಜ್ಜ ಮಗ್ಗ ಬಿಟ್ಟು ಎದ್ದು ಬಂದ. ಅವನೂ ಮೊದಲು ಮಾಡಿದ್ದು ಅದೇ, ಸೆರಗನ್ನು ಮಗುಚಿದ. ಕೊಂಡಿಯ ಸಾಲಿನ ಮೇಲೆ ಉಗುರು ಎಳೆದ. ಕೆಂಪು ಸೆರಗಿನ ಮೇಲೆ ಬಿಳಿಯಲ್ಲಿ ಜೋಳದ ತೆನೆಯ ಹಾಗೆ ಎದ್ದ ತೋಪತೆನಿಯನ್ನು, ಹಣಿಗೆಯ ಹಲ್ಲಿನ ಗೆರೆಗಳನ್ನು, ಕೋಟೆಯ ತೆನೆಯಂಥ ಮೊನೆಗಳನ್ನು ಒಂದೊಂದಾಗಿ ನೋಡಿದ. "ಇದೂ ಹಲ್ಲೇ ಅಲ್ಲವೇ ತಾಯಿ" ಎಂದ ಮರಾಠಿಯಲ್ಲಿ. ಅವ್ವನ ಮುಖ ಅರಳಿತು. ಅವಳು ಕೇಳಿದ್ದು ಇಷ್ಟು: ಒಡಲು ನಿಮ್ಮ ಟಸರ್ ಇರಲಿ, ಹಲ್ಲು ನಿಮ್ಮದೇ ಇರಲಿ, ದಡಿಯ ಕೆಂಪು ಮಾತ್ರ ನಮ್ಮ ಇಳಕಲ್ ಕೆಂಪಾಗಬೇಕು. ಅಜ್ಜ ಆ ಬಣ್ಣಕ್ಕೆ ಒಪ್ಪುವ ನೂಲಿಗಾಗಿ ಅವಳ ಸೀರೆಯ ಗೊಂಡೆಯಿಂದ ಒಂದು ಎಳೆ ಕೇಳಿ ಇಟ್ಟುಕೊಂಡ. ಅವಳ ಎತ್ತರ ಕಣ್ಣಲ್ಲೇ ಅಳೆದ. "ನೀವು ಗಿಡ್ಡ, ದಡಿ ಅಷ್ಟಗಲ ಬೇಡ, ಸೀರೆಯೇ ನಿಮ್ಮನ್ನು ಉಟ್ಟ ಹಾಗೆ ಕಾಣುತ್ತದೆ" ಎಂದು ನಾಲ್ಕು ಬೆರಳು ತೋರಿಸಿದ. ಅವ್ವ ಐದು ಎಂದಳು. ನಾಲ್ಕೂವರೆಗೆ ಒಪ್ಪಂದವಾಯಿತು.

ಮದುವೆಯ ಚಪ್ಪರದಲ್ಲಿ ಅವ್ವ ಆ ಸೀರೆ ಉಟ್ಟು ಗುಳೇದಗುಡ್ಡದ ಖಣದ ಕುಪ್ಪಸ ತೊಟ್ಟು ಬಂದಾಗ ಹೆಂಗಸರೆಲ್ಲ ಸುತ್ತ ನೆರೆದರು. ಮಗುಚಿ ನೋಡಿದರು. ನಾಗಪುರಕ್ಕೆ ಮರಳಿದ ಮೇಲೆ ಕಾಲೊನಿಯಲ್ಲೂ ಅದೇ ಆಯಿತು. ಮುಂದಿನ ದೀಪಾವಳಿಗೆ ನಮ್ಮ ಸಾಲಿನ ಎರಡು ಮನೆಯವರು ಅದೇ ಕೆಂಪು ಬೇಕೆಂದು ಅಜ್ಜನ ಬಳಿ ಹೋದರು. ಇಂದು ಫ್ಯಾಷನ್ ಎಂದು, ಸ್ಟೈಲ್ ಎಂದು ಯಾವುದನ್ನು ಕರೆಯುತ್ತೇವೋ ಅದು ನನ್ನ ಕಣ್ಣ ಮುಂದೆ ಹುಟ್ಟಿದ್ದು ಹಾಗೆ, ಒಂದು ಪಡಸಾಲೆಯಲ್ಲಿ, ಉಡುವವಳು ಮತ್ತು ನೇಯುವವನು ಅರ್ಧ ಬೆರಳಿಗಾಗಿ ವಾದಿಸುತ್ತ.

ಆ ಜೇನು ಬಣ್ಣದ ನೂಲು ಎಲ್ಲಿಂದ ಬರುತ್ತದೆಂದು ನನಗೆ ತಿಳಿದದ್ದು ದೊಡ್ಡವಳಾದ ಮೇಲೆ. ನಾಗಪುರದ ಪೂರ್ವಕ್ಕೂ ದಕ್ಷಿಣಕ್ಕೂ ಭಂಡಾರಾ, ಗಡಚಿರೋಲಿ, ಚಂದ್ರಪುರದ ಕಾಡುಗಳಿವೆ. ಅಲ್ಲಿ ಮತ್ತಿ ಮರ ಇದೆ, ಹೊಳೆಮತ್ತಿ ಇದೆ. ನಮ್ಮ ಮಲೆನಾಡಿನವರಿಗೂ ಪರಿಚಿತವಾದ ಮರಗಳೇ. ಟಸರ್ ಹುಳ ಬೆಳೆಯುವುದು ಆ ಮರಗಳ ಮೇಲೆ, ಬಯಲಲ್ಲಿ. ರಾಮನಗರದ ರೇಷ್ಮೆಹುಳದ ಹಾಗೆ ಮನೆಯೊಳಗೆ ತಟ್ಟೆಯಲ್ಲಿ ಹಿಪ್ಪುನೇರಳೆ ತಿಂದು ಬೆಳೆಯುವುದಲ್ಲ. ಹಕ್ಕಿ, ಇರುವೆ, ಕಣಜಗಳಿಂದ ಅದನ್ನು ಕಾಯಲು ಢಿವರ ಸಮುದಾಯದ ಜನ ಮರದ ಕೆಳಗೇ ಹಗಲಿರುಳು ಬೀಡುಬಿಡುತ್ತಾರೆ. ಗೂಡು ಕೋಳಿಮೊಟ್ಟೆಯ ಆಕಾರ, ಬೂದುಮಿಶ್ರಿತ ಹಳದಿ, ಅಡಿಕೆಯಷ್ಟು ಗಟ್ಟಿ. ಸಣ್ಣ ತೊಟ್ಟಿನಿಂದ ಕೊಂಬೆಗೆ ಹಣ್ಣಿನ ಹಾಗೆ ತೂಗುತ್ತಿರುತ್ತದೆ. ಅದನ್ನು ಕ್ಷಾರದ ನೀರಿನಲ್ಲಿ ಬೇಯಿಸಿ ಮೆದುವಾಗಿಸಬೇಕು. ಆರ್ಮೋರಿ ಕಡೆಯ ಹೆಂಗಸರು ನಾಲ್ಕಾರು ಗೂಡುಗಳ ಎಳೆ ಒಟ್ಟಿಗೆ ತೆಗೆದು, ತೊಡೆಯ ಮೇಲೆ ಅಂಗೈಯಿಂದ ಹೊಸೆದು ನೂಲು ಮಾಡುತ್ತಿದ್ದರು. ಹೊಸೆದು ಹೊಸೆದು ತೊಡೆಯ ಚರ್ಮ ಕಪ್ಪುಗಟ್ಟುತ್ತಿತ್ತು. ನೂಲಿನ ದಪ್ಪ ಒಂದೇ ಸಮ ಇರುತ್ತಿರಲಿಲ್ಲ. ಅವ್ವನ ಸೀರೆಯ ಒಡಲನ್ನು ಬೆಳಕಿಗೆ ಹಿಡಿದರೆ ಅಲ್ಲಲ್ಲಿ ದಪ್ಪ ಎಳೆ, ಅಲ್ಲಲ್ಲಿ ತೆಳು ಎಳೆ ಕಾಣುತ್ತದೆ. ಹೆಸರೇ ಗೊತ್ತಿಲ್ಲದ ಒಬ್ಬ ಹೆಂಗಸಿನ ದಣಿವು ಅಲ್ಲಿ ಇದೆ. ಬೆಳಗಿನ ಹೊತ್ತು ಹೊಸೆದದ್ದು ಯಾವುದು, ಸಂಜೆಗೆ ಕೈಸೋತು ಹೊಸೆದದ್ದು ಯಾವುದು ಎಂದು ಹುಡುಕುತ್ತ ನಾನು ಎಷ್ಟೋ ಹೊತ್ತು ಕಳೆದಿದ್ದೇನೆ.

ನಾಗಪುರ ಬಟ್ಟೆಯ ಊರು. ಕಿತ್ತಳೆಯ ಊರು ಎಂದು ಎಲ್ಲರೂ ಹೇಳುತ್ತಾರೆ, ನನಗೆ ಮಾತ್ರ ಅದು ಬಟ್ಟೆಯದೇ ಊರು. ಭೋಸಲೆ ಅರಸರ ಕಾಲದಿಂದ ಇಲ್ಲಿನ ರೇಷ್ಮೆ ಅಂಚಿನ ಧೋತರಕ್ಕೆ, ಜರಿಯಂಚಿನ ರುಮಾಲಿಗೆ, ಒಂಬತ್ತು ಗಜದ ಲುಗಡೆ ಸೀರೆಗೆ ದೂರ ದೂರದವರೆಗೆ ಹೆಸರಿತ್ತು. ಆಗ್ನೇಯಕ್ಕಿರುವ ಉಮರೇಡ್, ಅತ್ತ ವೈನಗಂಗಾ ದಡದ ಪವನಿ, ಭಂಡಾರಾದ ಮೊಹಾಡಿ, ಎಲ್ಲವೂ ಮಗ್ಗದ ಊರುಗಳೇ. 1867ರಲ್ಲಿ ಮುಂಬಯಿಯ ರೈಲು ನಾಗಪುರಕ್ಕೆ ಬಂತು. ಹತ್ತು ವರ್ಷಕ್ಕೆ, 1877ರ ಜನವರಿ 1ರಂದು ಜಮ್ಶೆಟ್‌ಜಿ ಟಾಟಾ ಅವರ ಎಂಪ್ರೆಸ್ ಮಿಲ್ ಶುರುವಾಯಿತು. ಮಿಲ್ಲು ಬಂದಾಗ ಮಗ್ಗ ಸತ್ತೇಹೋಗುತ್ತದೆಂದು ಅಂದುಕೊಂಡವರಿದ್ದರು. ಸಾಯಲಿಲ್ಲ. ಮಿಲ್ಲಿನ ನೂಲು ತಂದು ಕೋಷ್ಟಿಗಳು ನೇಯ್ದರು. ಮಿಲ್ಲು ಮಾಡಲಾರದ ಒಂದನ್ನು ಅವರು ಮಾಡುತ್ತಿದ್ದರು: ಒಡಲಿನ ಎಳೆಗೂ ದಡಿಯ ಎಳೆಗೂ ಕೈ ಹಿಡಿಸುವುದು. ಅದೊಂದೇ ಅವರನ್ನು ಇನ್ನೂ ನೂರು ವರ್ಷ ಉಳಿಸಿತು.

ಈ ಊರಿನಲ್ಲಿ ಬಟ್ಟೆಯ ತುಂಡಿಗೂ ಜನ ಜೈಲಿಗೆ ಹೋಗಿದ್ದಾರೆ. 1923ರ ಝೆಂಡಾ ಸತ್ಯಾಗ್ರಹದಲ್ಲಿ ಸಿವಿಲ್ ಲೈನ್ಸ್‌ನೊಳಗೆ ಬಾವುಟ ಹಿಡಿದು ನಡೆಯಲು ದೇಶದ ಮೂಲೆ ಮೂಲೆಯಿಂದ ಸ್ವಯಂಸೇವಕರು ಬಂದರು. ನಮ್ಮ ಹುಬ್ಬಳ್ಳಿಯಿಂದ ನಾ.ಸು. ಹರ್ಡೀಕರರ ಸೇವಾ ಮಂಡಲದ ಯುವಕರೂ ಬಂದು ನಾಗಪುರದ ಜೈಲು ಸೇರಿದರು, ಕ್ಷಮಾಪಣೆ ಬರೆದುಕೊಡಲು ಒಪ್ಪಲಿಲ್ಲ. 1936ರಿಂದ ಗಾಂಧೀಜಿ ನೆಲೆಸಿದ ಸೇವಾಗ್ರಾಮ ಇಲ್ಲಿಂದ ಎಪ್ಪತ್ತೈದು ಕಿಲೋಮೀಟರು. ಅಲ್ಲಿ ನೂತ ಖಾದಿ ಈ ಪೇಟೆಗಳಲ್ಲಿ ಓಡಾಡಿತು. 1956ರ ಅಕ್ಟೋಬರ್ 14ರಂದು ಅಂಬೇಡ್ಕರರೊಂದಿಗೆ ಬೌದ್ಧ ದೀಕ್ಷೆ ಪಡೆಯಲು ಲಕ್ಷಾಂತರ ಜನ ಬಿಳಿ ಬಟ್ಟೆ ತೊಟ್ಟು ಬಂದರು. ಇಂದಿಗೂ ದೀಕ್ಷಾಭೂಮಿಯ ಜನಸಾಗರ ಬಿಳಿಯದೇ. ಏನು ಉಡುತ್ತೇನೆ ಎಂಬುದು ನಾನು ಯಾರು ಎಂಬುದರ ಮಾತು, ಇದನ್ನು ನಾಗಪುರಕ್ಕೆ ಯಾವ ಫ್ಯಾಷನ್ ಪತ್ರಿಕೆಯೂ ಕಲಿಸಬೇಕಾಗಿರಲಿಲ್ಲ.

ಹಳೆಯ ಪೇಟೆ ಮಹಾಲ್‌ನಲ್ಲಿ ಚಿತಾರ ಓಳಿ ಎಂಬ ಬೀದಿಯಿದೆ. ಓಳಿ ಎಂದರೆ ಸಾಲು. ಹಳಗನ್ನಡ ಓದಿದವರಿಗೆ ಈ ಪದ ಸ್ವಂತದ್ದೇ ಅನ್ನಿಸುತ್ತದೆ. ಚಿತಾರಿಗಳು ಎಂದರೆ ಬಣ್ಣದವರು, ಮಣ್ಣಿನ ಮೂರ್ತಿ ಮಾಡುವವರು. ಗಣೇಶನ ಹಬ್ಬಕ್ಕೆ ತಿಂಗಳಿರುವಾಗ ಅವ್ವ ನನ್ನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದಳು. ಮೂರ್ತಿಗೆ ಬಣ್ಣ ಹಚ್ಚುವವನು ಕೊನೆಗೆ ದೇವರ ಪೀತಾಂಬರದ ಅಂಚನ್ನು ಬರೆಯುತ್ತಿದ್ದ. ತೆಳ್ಳನೆಯ ಕುಂಚದಲ್ಲಿ, ಉಸಿರು ಹಿಡಿದು, ಒಂದೊಂದೇ ಮೊನೆ. ಅದೇ ಗರಗಸದ ಹಲ್ಲು. ದೇವರು ಕರವತಿ ಉಟ್ಟಿದ್ದ. ನೇಕಾರನನ್ನು ನೋಡಿ ಚಿತಾರಿ ಬರೆದನೋ, ಚಿತಾರಿಯನ್ನು ನೋಡಿ ನೇಕಾರ ನೇಯ್ದನೋ, ಆ ಬೀದಿಗಳ ನಡುವೆ ಅಂಥ ಲೆಕ್ಕ ಇಡುವವರು ಇರಲಿಲ್ಲ.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಆ ಕೊಡುಕೊಳ್ಳುವಿಕೆಯನ್ನು ದೇಶದ ಮಟ್ಟಕ್ಕೆ ಏರಿಸುವ ಕನಸು ಕಂಡವರಿದ್ದರು. ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತರು. ಅವರ ಫೋಟೊ ಒಂದನ್ನು ಅವ್ವ ವಾರಪತ್ರಿಕೆಯಿಂದ ಕತ್ತರಿಸಿ ಕನ್ನಡಿಯ ಮೂಲೆಗೆ ಸಿಕ್ಕಿಸಿದ್ದಳು. ಕೈಮಗ್ಗದ ಸೀರೆ, ದೊಡ್ಡ ಕುಂಕುಮ, ತುರುಬಿಗೆ ಹೂ, ಬೆಳ್ಳಿಯ ಒಡವೆ. ಅವ್ವನಿಗೆ ಅವರ ರಾಜಕೀಯ ತಿಳಿಯದು. "ನಮ್ಮ ಕಡೆಯಾಕಿ. ಉಟ್ಟರ ಹಿಂಗ ಉಡಬೇಕು" ಎನ್ನುತ್ತಿದ್ದಳು. ಪುಪುಲ್ ಜಯಕರ್ ಅವರ ಆಸ್ಥೆಯಿಂದ 1956ರಿಂದ ನೇಕಾರರ ಸೇವಾ ಕೇಂದ್ರಗಳು ತೆರೆದವು. ನಾಗಪುರದಲ್ಲೂ ಒಂದು ಬಂತು. ಆ ಕೇಂದ್ರಗಳಲ್ಲಿ ಚಿತ್ರಕಲಾವಿದರು ನೇಕಾರರ ಜೊತೆ ಕುಳಿತರು. ಕೆ.ಜಿ. ಸುಬ್ರಮಣ್ಯನ್ ಕೈಮಗ್ಗ ಮಂಡಳಿಯಲ್ಲಿ ಕೆಲಸ ಮಾಡಿದರು. ಪ್ರಭಾಕರ ಬರ್ವೆ ವಾರಾಣಸಿಯ ಮತ್ತು ಮುಂಬಯಿಯ ಕೇಂದ್ರಗಳಲ್ಲಿ ವರ್ಷಗಟ್ಟಲೆ ಇದ್ದರು. ನಮ್ಮ ವಿದರ್ಭದ ಅಕೋಲಾದಲ್ಲಿ ಹುಟ್ಟಿ, ಮುಂದೆ ಅಮೂರ್ತ ಚಿತ್ರಗಳಿಗೆ ಹೆಸರಾದ ಅಂಬಾದಾಸ್ ಖೋಬ್ರಾಗಡೆ ಕೂಡ ಕೈಮಗ್ಗದ ವಿನ್ಯಾಸದ ಕೆಲಸ ಮಾಡಿದವರೇ. ಕಲಾವಿದ ನೇಕಾರನಿಗೆ ಹೊಸ ಬಣ್ಣ ತೋರಿಸುತ್ತಿದ್ದ, ನೇಕಾರ ಕಲಾವಿದನಿಗೆ ಎಳೆಯ ಲೆಕ್ಕ ಕಲಿಸುತ್ತಿದ್ದ. ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಚಹಾ ಕುಡಿಯುತ್ತಿದ್ದ ಕಾಲ ಅದು.

ಎಲ್ಲಿ ಬಿರುಕು ಬಿಟ್ಟಿತು ಎಂದು ಕೇಳಿದರೆ ಒಂದೇ ಜಾಗ ತೋರಿಸಲು ಆಗುವುದಿಲ್ಲ. ವಿದ್ಯುತ್ ಮಗ್ಗ ಕೇರಿಯೊಳಗೇ ಬಂತು. ಕೈಮಗ್ಗದವನಿಗೆ ವಾರ ಹಿಡಿಯುವ ಬಟ್ಟೆ ಅದರಲ್ಲಿ ಒಂದು ದಿನದ ಮಾತು. ಅಂಚಿರುವ ಸೀರೆಗಳಂಥ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೆಂದೇ ಮೀಸಲಿಡುವ ಕಾನೂನು 1985ರಲ್ಲಿ ಬಂತು, ಆದರೆ ಪೇಟೆಯಲ್ಲಿ ಯಾವುದು ಕೈಯದು, ಯಾವುದು ಯಂತ್ರದ್ದು ಎಂದು ಗುರುತಿಸುವ ಕಣ್ಣೇ ಕಡಿಮೆಯಾಗುತ್ತಿತ್ತು. ಟಸರ್ ನೂಲಿನ ಬೆಲೆ ಏರಿತು, ಕೂಲಿ ಏರಲಿಲ್ಲ. ಮೂರು ಲಾಳಿಗೆ ಇಬ್ಬರ ಕೈ ಬೇಕು. ಹುಡುಗರು ಶಾಲೆಗೆ ಹೋದರು, ಹೋಗಲೇಬೇಕಿತ್ತು. ಅದಕ್ಕಾಗಿ ನಾನು ಯಾರನ್ನೂ ದೂರಲಾರೆ. ಆ ಮೊಮ್ಮಗ ಆಚೆ ಬದಿಯ ಲಾಳಿ ಹಿಡಿದು ಕುಳಿತಿದ್ದಾಗ ನಾನು ಕೈಬೀಸಿಕೊಂಡು ನಿಂತಿದ್ದೆ, ಮರುದಿನ ಶಾಲೆಗೆ ಹೋಗಿದ್ದೆ. ಅವನು ಹೋಗಲಿಲ್ಲ ಎಂಬುದು ಅಂದು ನನ್ನ ಮನಸ್ಸಿಗೆ ಬರಲೇ ಇಲ್ಲ.

ದೇಶದ ಲೆಕ್ಕವೂ ಅದನ್ನೇ ಹೇಳುತ್ತದೆ. 2009-10ರ ಕೈಮಗ್ಗ ಗಣತಿಯಲ್ಲಿ ನೇಕಾರರು ಮತ್ತು ಅವರ ಜೊತೆಯ ಕೆಲಸದವರು 43.31 ಲಕ್ಷ ಇದ್ದರು. 2019-20ರ ಗಣತಿಗೆ ಬಂದಾಗ 35.22 ಲಕ್ಷ. ಹತ್ತು ವರ್ಷದಲ್ಲಿ ಎಂಟು ಲಕ್ಷ ಜನ ಎದ್ದು ಹೋಗಿದ್ದರು. 2020ರ ಜುಲೈನಲ್ಲಿ ಅಖಿಲ ಭಾರತ ಕೈಮಗ್ಗ ಮಂಡಳಿಯೂ ರದ್ದಾಯಿತು, ಮುಂದಿನ ವಾರ ಕರಕುಶಲ ಮಂಡಳಿ. ಅಂದು ಕನ್ನಡಿಯ ಮೂಲೆಯ ಆ ಹಳೆಯ ಫೋಟೊ ನೆನಪಾಯಿತು.

ನಾನೂ ಹೊರತಲ್ಲ. ಕೆಲಸಕ್ಕೆ ಸೇರಿದ ಮೇಲೆ ಒಗೆದು ಕೊಡವಿ ಹಾಕಿಕೊಂಡರೆ ಸಾಕಾಗುವ ಬಟ್ಟೆ ಕೊಂಡೆ. ಇಸ್ತ್ರಿ ಬೇಡ, ಗಂಜಿ ಬೇಡ, ಬೇವಿನೆಲೆ ಬೇಡ. ಅವ್ವ ಒಮ್ಮೆ ನನ್ನ ದುಪಟ್ಟಾದ ಅಂಚು ಹಿಡಿದು ಅಭ್ಯಾಸದಂತೆ ಮಗುಚಿದಳು. ಹಿಂಬದಿ ಬೋಳಾಗಿತ್ತು. ಏನೂ ಅನ್ನದೆ ಬಿಟ್ಟುಬಿಟ್ಟಳು. ಅವಳು ಬೈದಿದ್ದರೆ ಇಷ್ಟು ವರ್ಷ ನೆನಪಿರುತ್ತಿರಲಿಲ್ಲ.

ಎಂಪ್ರೆಸ್ ಮಿಲ್ ಮುಚ್ಚಿಹೋಗಿ ಈಗ ಆ ಜಾಗದಲ್ಲಿ ಅದೇ ಹೆಸರಿನ ಮಾಲ್ ಇದೆ. ಗಾಂಧಿಸಾಗರ ಕೆರೆಯ ಪಕ್ಕದಲ್ಲಿ, ಒಂದು ಕಾಲಕ್ಕೆ ಮಿಲ್ಲಿನ ಸೈರನ್ ಭೋಂಗಾ ಕೂಗಿದರೆ ಊರೇ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದ ನೆಲದ ಮೇಲೆ. ಕಳೆದ ವರ್ಷ ಊರಲ್ಲಿ ಅಂಗಡಿ ಸುತ್ತುವಾಗ ನನ್ನ ಕಾಲು ಒಂದು ಕಡೆ ತಾನಾಗಿ ನಿಂತಿತು. ಗಾಜಿನ ಹಿಂದೆ ಒಂದು ಬೊಂಬೆ. ಅದರ ಮೈಮೇಲೆ ಜೇನು ಬಣ್ಣದ ಉಡುಪು, ತಳದಲ್ಲಿ ಕೆಂಪು ಗರಗಸದ ಹಲ್ಲು. ಒಳಗೆ ಹೋಗಿ ಅಂಚು ಹಿಡಿದು ಮಗುಚಿದೆ. ಪಾಲಿಯೆಸ್ಟರ್. ಹಲ್ಲುಗಳನ್ನು ಅಚ್ಚೊತ್ತಿದ್ದರು. ಹಿಂದೆ ಮಂಕಾದ ನೆರಳು ಮಾತ್ರ, ಎಳೆಗೆ ಎಳೆ ಸಿಕ್ಕ ಜಾಗದ ಆ ಸಣ್ಣ ಏಣು ಇಲ್ಲ. ಅಂಗಡಿಯ ಹುಡುಗಿ ತುಂಬಾ ನಯವಾಗಿ, "ಇದು ಟ್ರೈಬಲ್ ಪ್ರಿಂಟ್ ಮೇಡಂ" ಎಂದಳು. ಅವಳ ತಪ್ಪಿಲ್ಲ, ಅವಳಿಗೆ ಯಾರೂ ಹೇಳಿಲ್ಲ. ಆ ಹುಡುಗಿಯ ಅಜ್ಜಿಯೇ ಒಂಬತ್ತು ಗಜದ ಕರವತಿ ಉಟ್ಟು ಇದೇ ಮಿಲ್ಲಿನ ಗೇಟಿಗೆ ಬುತ್ತಿ ತಂದಿದ್ದಿರಬಹುದು.

ವಿನ್ಯಾಸ ಉಳಿದಿದೆಯಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ನಿಜ, ಹಲ್ಲಿನ ಆಕಾರ ಎಲ್ಲಿಗೂ ಹೋಗಿಲ್ಲ. ಕುಶನ್ನಿನ ಮೇಲಿದೆ, ಫೋನಿನ ಕವಚದ ಮೇಲೂ ಇದೆ. ಹೋದದ್ದು ನಾಲ್ಕೂ ಅಲ್ಲದ ಐದೂ ಅಲ್ಲದ ಆ ನಾಲ್ಕೂವರೆ ಬೆರಳು. ಒಬ್ಬ ನೇಕಾರ ಒಬ್ಬಳು ಗಿಡ್ಡ ಹೆಂಗಸನ್ನು ನೋಡಿ, ಅವಳ ಊರಿನ ಕೆಂಪನ್ನು ಒಂದು ಎಳೆಯಲ್ಲಿ ಕೇಳಿ ಪಡೆದು, ಅವಳೊಬ್ಬಳಿಗಾಗಿ ಅಳತೆ ಕಟ್ಟಿದ್ದು. ಚಿತ್ರ ತೆಗೆದು ಯಂತ್ರಕ್ಕೆ ಕೊಟ್ಟರೆ ಆ ಮಾತುಕತೆ ಅದರಲ್ಲಿ ಬರುವುದಿಲ್ಲ. ನಮ್ಮ ಸೀರೆಗಳನ್ನು ಚಂದವಾಗಿಸಿದ್ದು ಆ ಮಾತುಕತೆಯೇ ಎಂದು ನಾನು ನಂಬಿದ್ದೇನೆ.

ಇನ್ನೂ ನೇಯುವವರು ಇದ್ದಾರೆ. ಮೊಹಾಡಿಯಲ್ಲಿ, ನಾಗಪುರದ ಕೇರಿಗಳಲ್ಲಿ ಬೆರಳೆಣಿಕೆಯ ಮಗ್ಗಗಳು ಆಡುತ್ತಿವೆ. ಚಳಿಗಾಲದಲ್ಲಿ ದಕ್ಷಿಣ ಮಧ್ಯ ವಲಯ ಸಾಂಸ್ಕೃತಿಕ ಕೇಂದ್ರದ ಕರಕುಶಲ ಮೇಳ ನಡೆಯುತ್ತದೆ. ಕರ್ನಾಟಕವೂ ಆ ವಲಯಕ್ಕೆ ಸೇರಿದ್ದರಿಂದ ನಮ್ಮ ಕಡೆಯವರೂ ಬರುತ್ತಾರೆ. ಒಮ್ಮೆ ಅಲ್ಲಿ ಇಳಕಲ್ಲಿನ ನೇಕಾರರೊಬ್ಬರು ಎದುರು ಮಳಿಗೆಯ ಕರವತಿಯನ್ನು ಹಿಡಿದು ನಿಂತದ್ದನ್ನು ನೋಡಿದೆ. ಅವರಿಗೆ ಮರಾಠಿ ಬಾರದು, ಆ ಮಳಿಗೆಯವರಿಗೆ ಕನ್ನಡ ಬಾರದು. ಇಬ್ಬರೂ ಬಟ್ಟೆ ಮಗುಚಿಕೊಂಡು ಬೆರಳಲ್ಲೇ ಮಾತಾಡುತ್ತಿದ್ದರು. ನಲ್ಲಿಯ ಮುಂದಿನ ಅವ್ವನನ್ನು ಕಂಡಂತಾಗಿ ನಾನು ಅಲ್ಲಿಂದ ಬೇಗ ಸರಿದುಬಂದೆ.

ಕಳೆದ ಡಿಸೆಂಬರಿನಲ್ಲಿ ಬಿರಿಯುತ್ತಿದ್ದ ಸೀರೆಯನ್ನು ಕೈಚೀಲದಲ್ಲಿಟ್ಟುಕೊಂಡು ಆ ಓಣಿಗೆ ಹೋದೆ. ಸರಿಮಾಡಿಸಲು ಆದೀತೇ ಎಂಬ ಆಸೆ. ಓಣಿ ಮೌನವಾಗಿರಲಿಲ್ಲ. ಟೀವಿ, ಮಿಕ್ಸಿ, ಬೈಕು, ಎಲ್ಲ ಸದ್ದೂ ಇತ್ತು. ಖಟ್ ಎಂಬುದೊಂದಿಲ್ಲ. ಮನೆಯನ್ನು ಹುಡುಕಲು ಕಷ್ಟವಾಗಲಿಲ್ಲ, ಬಾಗಿಲ ಪಕ್ಕದ ಕಲ್ಲಿನ ಕಟ್ಟೆ ಹಾಗೇ ಇತ್ತು. ಅಜ್ಜ ತೀರಿಹೋಗಿ ಬಹಳ ವರ್ಷವಾಗಿತ್ತು. ಮೊಮ್ಮಗ ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ ಒಳಗೆ ಕರೆದಳು.

ಪಡಸಾಲೆಗೆ ಹೊಳೆಯುವ ಟೈಲ್ಸ್ ಹಾಕಿದ್ದರು. ಒಂದು ಕಡೆ ಮಾತ್ರ, ಬಾಗಿಲ ಬೆಳಕು ಬೀಳುವಲ್ಲಿ, ಟೈಲ್ಸ್ ಬೇರೆ ಬಣ್ಣದ್ದು. ಒಬ್ಬ ಮನುಷ್ಯ ಕಾಲು ಇಳಿಬಿಟ್ಟು ಕೂರುವಷ್ಟು ಅಗಲ. ಅದರ ಮೇಲೆ ಬಟ್ಟೆ ಒಗೆಯುವ ಯಂತ್ರ ಇಟ್ಟಿದ್ದರು. "ಅಲ್ಲಿ ಕುಣಿ ಇತ್ತು. ಮಣ್ಣು ತುಂಬಿ ಮುಚ್ಚಿದೆವು. ಎಷ್ಟು ತುಂಬಿದರೂ ಮಳೆಗಾಲದಲ್ಲಿ ತುಸು ಕುಸಿಯುತ್ತದೆ" ಎಂದಳು. ನಮ್ಮ ಕಡೆ ಕುಣಿ ಎಂಬ ಮಾತಿಗೆ ಎರಡು ಅರ್ಥ. ಮಗ್ಗ ಹೂಡುವುದೂ ಕುಣಿಯಲ್ಲೇ, ಮಣ್ಣು ಕೊಡುವುದೂ ಕುಣಿಯಲ್ಲೇ. ನಾನು ಅದನ್ನು ಅವಳಿಗೆ ಹೇಳಲಿಲ್ಲ.

ಸೀರೆ ಬಿಚ್ಚಿದೆ. ಅವಳು ಮದುವೆಯಾಗಿ ಬಂದ ಮೇಲೆ ನಾಲ್ಕು ವರ್ಷ ಮಾವನವರ ಮಗ್ಗಕ್ಕೆ ಕಂಡಿಕೆ ಸುತ್ತಿದ್ದಳಂತೆ. ಸೀರೆಯನ್ನು ಮಗುಚಿ, ದಡಿ ಒಡಲಿಗೆ ಸೇರುವ ಏಣಿನ ಮೇಲೆ ಬೆರಳಾಡಿಸಿದಳು. ಬಿರುಕನ್ನು ಬೆಳಕಿಗೆ ಹಿಡಿದಳು. "ಇದಕ್ಕೆ ಈಗ ಎಳೆ ಹಾಕುವವರಿಲ್ಲ" ಎಂದಳು, ಸುಳ್ಳು ಭರವಸೆ ಕೊಡದೆ. ಆಮೇಲೆ ಸೀರೆಯನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ, ಅಂಗೈಯಿಂದ ಸವರಿ, ಹಳೆಯ ಗೆರೆಗಳನ್ನೆಲ್ಲ ಬಿಟ್ಟು ಬೇರೆ ಜಾಗದಲ್ಲಿ ಮಡಚಿದಳು. "ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ. ಒಂದೇ ಕಡೆ ಮಡಚಿದರೆ ಟಸರ್ ಅಲ್ಲೇ ಸೀಳುತ್ತದೆ. ಮಾವನವರು ಹೇಳುತ್ತಿದ್ದರು."

ಮಾರ್ಚಿನಲ್ಲಿ ಒಮ್ಮೆ ಬದಲಿಸಿದೆ, ಜೂನಿನಲ್ಲಿ ಒಮ್ಮೆ. ಪ್ರತಿ ಸಲವೂ ಪೂರ್ತಿ ಬಿಚ್ಚಿ ಹಾಸಬೇಕಾಗುತ್ತದೆ. ಕೋಣೆಯ ಈ ಗೋಡೆಯಿಂದ ಆ ಗೋಡೆಯವರೆಗೆ ಜೇನು ಬಣ್ಣ ಹರಡುತ್ತದೆ. ಮಂಡಿಯೂರಿ ಕುಳಿತು, ದಡಿಯನ್ನು ಮಗುಚಿ, ಹಲ್ಲುಗಳನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟುತ್ತ ಹೋಗುತ್ತೇನೆ. ಇನ್ನೂ ಎಲ್ಲವೂ ಚೊಲೊ ಕೂತಾವು.